ಕ್ರೇನಕ್ಕನ ಮರದ ಬಂದೂಕು

ಬಂದರಿನಲ್ಲಿ ಹಡಗಿನಿಂದ ಸರಕಿನ ಪೆಟ್ಟಿಗೆಗಳನ್ನು ಇಳಿಸುವ ದೊಡ್ಡ ಕ್ರೇನೊಂದನ್ನು ನಡೆಸುತ್ತಿದ್ದವಳು ಒಬ್ಬ ಹೆಂಗಸು. ಅಲ್ಲಿಯವರಿಗೆಲ್ಲ ಅವಳು ಕ್ರೇನಕ್ಕ. ನೆಲದಿಂದ ನೋಡಿದರೆ ಬೆಂಕಿಪೊಟ್ಟಣದಷ್ಟು ಕಾಣುವ ಗಾಜಿನ ಗೂಡಿನಲ್ಲಿ ಕುಳಿತು, ಮನೆಯಷ್ಟು ದೊಡ್ಡ ಕಬ್ಬಿಣದ ಪೆಟ್ಟಿಗೆಯನ್ನು ಲಾರಿಯ ಬೆನ್ನಮೇಲೆ ಸದ್ದಾಗದಂತೆ ಇಡುತ್ತಿದ್ದಳು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಮೇಸ್ತ್ರಿಯೊಬ್ಬ, "ಅಷ್ಟು ಮೇಲೆ ಹೋದ್ರೆ ತಲೆ ಸುತ್ತುತ್ತೆ ಕಣಮ್ಮ, ಕೆಳಗೆ ಆಫೀಸಲ್ಲೇ ಕೂತ್ಕೋ" ಎಂದಿದ್ದನಂತೆ. "ತಲೆ ನಂದು ತಾನೆ? ಸುತ್ತಿದ್ರೆ ನಾನೇ ಹಿಡ್ಕೋತೀನಿ ಬಿಡಿ" ಎಂದು ಏಣಿ ಹತ್ತಿದವಳು, ಮೇಸ್ತ್ರಿ ನಿವೃತ್ತನಾಗಿ ಮನೆ ಸೇರಿದರೂ ಮೇಲೆಯೇ ಇದ್ದಳು.

ವಾರವೆಲ್ಲ ಎತ್ತರದಲ್ಲಿ ಕೂತವಳಿಗೆ ರಜೆಯ ದಿನ ಆಳ ಬೇಕೆನ್ನಿಸುತ್ತಿತ್ತೋ ಏನೋ, ನಲವತ್ತು ದಾಟಿದ ಮೇಲೆ ಅವಳಿಗೆ ಮುಳುಗಿ ಮೀನು ಹೊಡೆಯುವ ಹುಚ್ಚು ಹಿಡಿಯಿತು. ಬೆನ್ನಿಗೆ ಗಾಳಿಯ ಸಿಲಿಂಡರ್ ಇಲ್ಲ, ಬಲೆ ಇಲ್ಲ. ಉಸಿರು ಬಿಗಿಹಿಡಿದು ಬಂಡೆಗಳ ಸಂದಿಗೆ ಇಳಿಯಬೇಕು, ಕೈಯಲ್ಲಿರುವ ಈಟಿಬಂದೂಕಿನಿಂದ ಒಂದೇ ಒಂದು ಸಲ ಹೊಡೆಯಬೇಕು, ಮೇಲೆ ಬರಬೇಕು. ಈ ಬಂದೂಕಿಗೆ ಮದ್ದುಗುಂಡು ಬೇಡ. ಉದ್ದನೆಯ ಮರದ ಮೈ, ಅದರ ಬೆನ್ನಮೇಲೆ ಉದ್ದಕ್ಕೂ ಕೊರೆದ ತೋಡು, ಆ ತೋಡಿನಲ್ಲಿ ಮಲಗಿದ ಉಕ್ಕಿನ ಈಟಿ. ಬಂದೂಕಿನ ಹಿಂತುದಿಯನ್ನು ಎದೆಗೆ ಆನಿಸಿ, ದಪ್ಪ ರಬ್ಬರನ್ನು ಎಳೆದು ಈಟಿಗೆ ಸಿಕ್ಕಿಸಿ ಟ್ರಿಗರ್ ಒತ್ತಿದರೆ ಈಟಿ ಚಿಮ್ಮುತ್ತದೆ.

ಅವಳ ಗಂಡ ಬಸ್ ಕಂಡಕ್ಟರ್. ಅವನಿಗೆ ಮೊಣಕಾಲಿಗಿಂತ ಮೇಲೆ ನೀರು ಬಂದರೆ ಜೀವ ಬಾಯಿಗೆ ಬರುತ್ತಿತ್ತು. ಆದರೂ ಹೆಂಡತಿಯನ್ನು ಒಬ್ಬಳನ್ನೇ ಕಳಿಸುತ್ತಿರಲಿಲ್ಲ. ಸಣ್ಣ ದೋಣಿಯಲ್ಲಿ ಕುಳಿತು, ಅವಳ ಸೊಂಟಕ್ಕೆ ಕಟ್ಟಿದ ಹಗ್ಗದ ಇನ್ನೊಂದು ತುದಿ ಹಿಡಿದುಕೊಂಡು, ಬೇರೆ ದೋಣಿ ಹತ್ತಿರ ಬಂದರೆ ಡ್ಯೂಟಿಯ ಸೀಟಿಯನ್ನೇ ಜೋರಾಗಿ ಊದುತ್ತಿದ್ದ.

ಮೊದಲ ಬಂದೂಕನ್ನು ಅವಳು ಕೊಂಡದ್ದು ಅಣ್ಣನ ಅಂಗಡಿಯಲ್ಲಿ. ಬಂದರಿನ ರಸ್ತೆಯಲ್ಲೇ ಅಣ್ಣನದು ಗಾಳ, ಹಗ್ಗ, ಮಾಸ್ಕು ಮಾರುವ ದೊಡ್ಡ ಅಂಗಡಿ. ಗೋಡೆಗೆ ಸಾಲಾಗಿ ನೇತುಹಾಕಿದ, ಕಾರ್ಖಾನೆಯಿಂದ ಕಟ್ಟುಕಟ್ಟಾಗಿ ಬರುವ ಅಗ್ಗದ ಮರದ ಬಂದೂಕುಗಳಲ್ಲಿ ಒಂದನ್ನು ಇಳಿಸಿ, "ಇದಕ್ಕಿಂತ ಹೆಚ್ಚಿನದು ಯಾರಿಗೂ ಬೇಕಾಗಿಲ್ಲ" ಎಂದು ಅಣ್ಣ ಅವಳ ಕೈಗಿಟ್ಟ. ಅದೇ ಅಂಗಡಿಯ ಗಾಜಿನ ಕಪಾಟಿನಲ್ಲಿ, ಚಿಪ್ಪಿನ ಚೂರುಗಳ ಹೂಬಳ್ಳಿ ಕೂರಿಸಿದ ದುಬಾರಿ ಬಂದೂಕೂ ಒಂದಿತ್ತು. ಅದಕ್ಕೆ ಬೀಗ.

ಮೊದಲ ಬೇಸಿಗೆ ಹೇಗೋ ಕಳೆಯಿತು. ಎರಡನೆಯ ಬೇಸಿಗೆಯಿಂದ ಅವಳ ಈಟಿ ತಪ್ಪತೊಡಗಿತು. ಗುರಿ ಹಿಡಿದದ್ದು ಒಂದು ಕಡೆ, ಈಟಿ ಹೋಗುವುದು ಅದರ ಎಡಕ್ಕೆ. "ದಿನವಿಡೀ ಮುಂದೆ ಹೋಗಿ, ಮುಂದೆ ಹೋಗಿ ಅಂತ ಬಡ್ಕೊಂಡ್ರೂ ನನ್ನ ಬಸ್ಸಲ್ಲಿ ಒಬ್ರೂ ಅಲ್ಲಾಡಲ್ಲ. ನಿನ್ನ ಮೀನುಗಳು ನೋಡು, ಹೇಳದೇನೇ ಬಲಕ್ಕೆ ಸರಿದು ಜಾಗ ಬಿಡ್ತವೆ" ಎಂದು ಗಂಡ ನಗಿಸಿದ. ಅಣ್ಣ ನಗಿಸಲಿಲ್ಲ. "ಗನ್ನು ಸರಿಯಾಗೇ ಇದೆ, ನಿನ್ನ ಕೈ ಸರಿ ಇಲ್ಲ. ವಯಸ್ಸಾಯ್ತಲ್ಲ, ನಡುಗುತ್ತೆ" ಎಂದ. ಅಂಗಡಿಗೆ ಬಂದವರ ಮುಂದೆಯೂ ಅದನ್ನೇ ಎತ್ತಿ ಆಡಿದ.

ಆ ಮಾತು ಅವಳಿಗೆ ನಾಟಿತು. ಮರುವಾರ ಕ್ರೇನಿನ ಗೂಡಿನಲ್ಲಿ ಹಿಡಿಕೆಯ ಮೇಲಿದ್ದ ತನ್ನ ಕೈಯನ್ನೇ ಅವಳು ನೋಡುತ್ತ ಕುಳಿತಳು. ನಿಜವಾಗಿಯೂ ನಡುಗುತ್ತಿದೆಯೆ? ಕೆಳಗೆ ಲಾರಿಯವರು ಕಾಯುತ್ತ ಹಾರ್ನ್ ಹೊಡೆದರು. ಪೆಟ್ಟಿಗೆಯನ್ನು ಇಳಿಸಿದವಳು ಮತ್ತೆ ಎತ್ತಿ ಇಳಿಸಿದಳು. ಕೆಲಸದಲ್ಲಿ ಹಾಗೆಂದೂ ಆಗಿರಲಿಲ್ಲ. ಅಂದು ಸಂಜೆ ಮನೆಗೆ ಬಂದು ಕಾಫಿ ಲೋಟವನ್ನು ತುಂಬಿಸಿ, ತೋಳು ಚಾಚಿ ಹಿಡಿದು ಅಡುಗೆಮನೆಯ ನಡುವೆ ನಿಂತಳು. ಒಂದು ಹನಿಯೂ ತುಳುಕಲಿಲ್ಲ.

"ಏನೇ ಇದು, ಲೋಟಕ್ಕೆ ಶಿಕ್ಷೆನಾ?" ಎಂದ ಗಂಡ.

"ನನ್ನ ಕೈ ನೆಟ್ಟಗಿದೆ. ವಕ್ರ ಇರೋದು ಬೇರೆಲ್ಲೋ. ಎಲ್ಲಿ ಅಂತ ಹುಡುಕ್ತೀನಿ."

ಬಂದರಿನ ಹಿಂದಿನ ಗಲ್ಲಿಯಲ್ಲಿ ಒಬ್ಬ ಬಡಗಿಯಿದ್ದ. ಹೊಟ್ಟೆಪಾಡಿಗೆ ಕಿಟಕಿ ಬಾಗಿಲು ಮಾಡಿದರೂ, ತನಗೆ ಮನಸ್ಸು ಬಂದಾಗ ಒಂದೊಂದು ಈಟಿಬಂದೂಕು ಮಾಡುತ್ತಿದ್ದ. ಹೂವಿಲ್ಲ, ಹೊಳಪಿಲ್ಲ, ಎಣ್ಣೆ ಕುಡಿದ ತೇಗದ ಕಂದು ಮೈ. ಬೆಲೆ ಮಾತ್ರ ಅಣ್ಣನ ಅಗ್ಗದ ಬಂದೂಕಿನ ಐದು ಪಟ್ಟು. ಕೇಳಿ ಅವಳ ಹುಬ್ಬು ಮೇಲೇರಿತು.

"ಐದು ಪಟ್ಟು ಯಾಕೆ ಕೊಡ್ಬೇಕು?"

"ಕೊಡಲೇಬೇಕು ಅಂತ ಯಾರಂದ್ರು?" ಎಂದ ಬಡಗಿ. "ತಗೊಂಡ್ಹೋಗಿ ಹೊಡೆದು ನೋಡಿ. ಇಷ್ಟ ಆಗ್ಲಿಲ್ವ, ತಂದಿಡಿ. ಹೊಡೆದು ನೋಡದೋರಿಗೆ ನಾನು ಮಾರೋದೇ ಇಲ್ಲ."

ಗಾಜಿನ ಕಪಾಟಿನದನ್ನೂ ಹೊಡೆದು ನೋಡಬೇಕೆಂಬುದು ಅವಳ ಹಠ. ಅಣ್ಣನನ್ನು ಕೇಳಿದರೆ, "ಅದು ಮುಟ್ಟೋದಕ್ಕಲ್ಲ, ನೋಡೋದಕ್ಕೆ" ಎಂದ. ಆದರೆ ಕಪಾಟಿನ ಬೀಗದಕೈ ಇರುತ್ತಿದ್ದುದು ಅತ್ತಿಗೆಯ ಸೊಂಟದಲ್ಲಿ. ರಜೆಯ ದಿನ ಅಣ್ಣ ಊಟ ಮಾಡಿ ಗೊರಕೆ ಹೊಡೆಯುತ್ತಿದ್ದಾಗ ಅತ್ತಿಗೆ ಅದನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ಹಿತ್ತಿಲ ಬಾಗಿಲಿಂದ ಕೊಟ್ಟಳು.

"ಅವರು ಏಳೋ ಮುಂಚೆ ತಂದ್ಬಿಡೇ. ಹಾಂ, ಹೇಗಿದೆ ಅಂತ ನನಗೂ ಹೇಳು. ಇಷ್ಟು ವರ್ಷದಿಂದ ಅದರ ಧೂಳು ಒರೆಸ್ತಾ ಇದೀನಿ!"

ಗಂಡಹೆಂಡತಿ ಅಲೆಯಿಲ್ಲದ ಕೊಲ್ಲಿಯೊಂದಕ್ಕೆ ದೋಣಿ ಒಯ್ದರು. ಹಳೆಯ ಹಾಸಿಗೆಯ ಸ್ಪಂಜನ್ನು ಗೋಣಿಯಲ್ಲಿ ತುಂಬಿ, ನಡುವೆ ಕೆಂಪು ಬಟ್ಟೆ ಹೊಲಿದು, ಕಲ್ಲು ಕಟ್ಟಿ ಮುಳುಗಿಸಿದರು. ಅವಳು ಇಳಿದಳು.

ಅಣ್ಣನ ಅಗ್ಗದ ಬಂದೂಕಿನ ಈಟಿ ಎಡಕ್ಕೇ ಹೋಯಿತು. ಮತ್ತೆ ಹೊಡೆದರೂ ಎಡಕ್ಕೇ. ಚಿಪ್ಪಿನ ಬಂದೂಕಿನ ಈಟಿ ನೆಟ್ಟಗೆ ಹೋಗಿ ಕೆಂಪು ಬಟ್ಟೆಗೇ ಹೊಕ್ಕಿತು. ಬಡಗಿಯದೂ ಹೊಕ್ಕಿತು. ಆದರೆ ಚಿಪ್ಪಿನ ಬಂದೂಕು ನೀರಿನಲ್ಲಿ ಆಚೀಚೆ ತಿರುಗಿಸಲು ದಿಮ್ಮಿಯಂತೆ ಹಠ ಮಾಡುತ್ತಿತ್ತು. ಮೀನೇನು ಕಾದು ನಿಲ್ಲುತ್ತದೆಯೆ? ಬಡಗಿಯದು ಅವಳ ಮಣಿಕಟ್ಟಿನ ಜೊತೆಗೇ ತಿರುಗಿತು. ಈಟಿ ಚಿಮ್ಮುವಾಗ ಕೈಗೆ ಒದೆತ ಕೂಡ ಅಷ್ಟಿರಲಿಲ್ಲ.

ಮೇಲೆ ಬಂದು ದೋಣಿಯ ಅಂಚು ಹಿಡಿದು, ಮೂರನ್ನೂ ಒಂದೊಂದಾಗಿ ಕಣ್ಣಿನ ಮಟ್ಟಕ್ಕೆ ಎತ್ತಿ ಉದ್ದಕ್ಕೂ ನೋಡಿದಳು. ಅಗ್ಗದ್ದರ ಮೈ ನಡುವಿನಲ್ಲಿ ಸಣ್ಣಗೆ ಬಾಗಿತ್ತು. ಒಂದೇ ಹಲಗೆಯಲ್ಲಿ ಕೆತ್ತಿದ್ದು, ಮೇಲಿನ ವಾರ್ನಿಷ್ ಎದ್ದಲ್ಲೆಲ್ಲ ಉಪ್ಪುನೀರು ಕುಡಿದು, ಬಿಸಿಲಿಗೆ ಒಣಗಿ, ಎಡಕ್ಕೆ ತಿರುಚಿಕೊಂಡಿತ್ತು. ಬಡಗಿ ತನ್ನದಕ್ಕೆ ತೆಳ್ಳನೆಯ ಪಟ್ಟಿಗಳನ್ನು ಒಂದರ ಎಳೆ ಒಂದಕ್ಕೆ ಎದುರಾಗುವಂತೆ ಅಂಟಿಸಿದ್ದ. ಒಂದು ಪಟ್ಟಿ ಬಾಗಹೊರಟರೆ ಪಕ್ಕದ್ದು ಬಿಡುವುದಿಲ್ಲ.

ಅವಳಿಗೆ ಸಂತೋಷವಾಗಬೇಕಿತ್ತು. ಆದದ್ದು ಸಿಟ್ಟು.

"ನನ್ನ ಕೈ ಮೇಲೆ ನನಗೇ ಅನುಮಾನ ಬರೋ ಹಾಗೆ ಮಾಡಿದ ಕಣ್ರೀ ಅಣ್ಣ. ಮೇಲೆ ಗೂಡಲ್ಲಿ ಕೂತು ಹೆದರಿಬಿಟ್ಟಿದ್ದೆ. ಕೆಲಸ ಬಿಡ್ಬೇಕಾಗುತ್ತೇನೋ ಅಂತ."

ಗಂಡ ಟವೆಲ್ ಕೊಟ್ಟ. "ಹೊಸ ಫ್ರಿಜ್ಜಿಗೆ ಅಂತ ಇಟ್ಟ ದುಡ್ಡಲ್ಲಿ ಬಡಗಿದು ತಗೋ" ಎಂದ. "ಹಳೇದರ ಬಾಗಿಲಿಗೆ ಹೇಗೂ ಹಗ್ಗ ಕಟ್ಟಿದೀನಿ. ಇನ್ನೊಂದು ವರ್ಷ ನಿಲ್ಲುತ್ತೆ."

ಚಿಪ್ಪಿನದು ಅಣ್ಣ ಏಳುವ ಮುಂಚೆ ಕಪಾಟು ಸೇರಿತು. "ನೆಟ್ಟಗೆ ಹೋಗುತ್ತೆ ಅತ್ತಿಗೆ, ಸುಳ್ಳು ಹೇಳಬಾರ್ದು. ಆದ್ರೆ ಆ ಹೂಬಳ್ಳಿಗೆ ಕೊಡೋ ದುಡ್ಡು ನೀರಲ್ಲಿ ಹೋಮ" ಎಂದು ಕ್ರೇನಕ್ಕ ಪಿಸುಗುಟ್ಟಿದಳು.

ಅವಳು ಬಡಗಿಯ ಬಂದೂಕು ಕೊಂಡ ಸುದ್ದಿ ತಿಳಿದ ಅಣ್ಣ ಮನೆಗೇ ಬಂದ. "ನಿನಗೇನು ತಲೆ ಕೆಟ್ಟಿದೆಯಾ? ಆಟಕ್ಕೆ ಐದು ಪಟ್ಟು ಸುರಿಯೋದಾ? ಅದೂ ಬೇರೆಯವನ ಹತ್ರ!"

"ನೀನು ಬೈಕ್ ತಗೊಂಡಾಗ ಹಾಲು ತರೋಕೆ ಸೈಕಲ್ ಸಾಲಲ್ವಾ ಅಂತ ನಾವ್ಯಾರಾದ್ರೂ ಕೇಳಿದ್ವಾ?"

"ನಾನು ಗಂಡಸು, ಓಡಾಡೋನು."

"ನಾನು ಹೆಂಗಸು, ಮುಳುಗೋಳು. ಊಟ ಮಾಡ್ಕೊಂಡು ಹೋಗು."

ಅಣ್ಣ ಊಟ ಮಾಡಲಿಲ್ಲ.

ಮಳೆಗಾಲಕ್ಕೆ ಮುಂಚೆ ಒಂದು ಬೆಳಿಗ್ಗೆ ಕ್ರೇನಕ್ಕ ಬಂಡೆಯ ಸಂದಿನಿಂದ ತನ್ನ ತೋಳಿಗಿಂತ ಉದ್ದದ ಮೀನೊಂದನ್ನು ಹೊಡೆದು ತಂದಳು. ದಡದಲ್ಲಿ ಜನ ಸೇರಿದರು. ಗಿರಾಕಿಗಳಿಗೆ ಹಗ್ಗ ಕೊಡಲು ಬಂದಿದ್ದ ಅಣ್ಣನೂ ಅಲ್ಲಿದ್ದ. ಮುನಿಸು ಬಿಟ್ಟು ಹತ್ತಿರ ಬಂದು, "ನಿಲ್ಲು, ಒಂದು ಫೋಟೋ ತೆಗೀತೀನಿ. ಗನ್ನು ದೋಣಿಯಲ್ಲೇ ಇರ್ಲಿ, ಮೀನು ಚೆನ್ನಾಗಿ ಕಾಣ್ಲಿ" ಎಂದ. ಅಣ್ಣ ಮಾತಾಡಿದನಲ್ಲ ಎಂಬ ಖುಷಿಯಲ್ಲಿ ಅವಳು ಹಲ್ಲು ಬಿಟ್ಟು ನಿಂತಳು.

ಕೆಲವು ದಿನಗಳ ನಂತರ ಕ್ರೇನಿನ ಗೂಡಿನಲ್ಲಿ ಕುಳಿತಿದ್ದವಳು ರಸ್ತೆಯ ಕಡೆ ನೋಡಿ ಪೆಟ್ಟಿಗೆಯನ್ನು ಗಾಳಿಯಲ್ಲೇ ನಿಲ್ಲಿಸಿದಳು. ಅಣ್ಣನ ಅಂಗಡಿಯ ಹಣೆಯ ಮೇಲೆ ಬಸ್ಸಿನಷ್ಟು ಅಗಲದ ಬ್ಯಾನರು. ಅದರಲ್ಲಿ ಹಲ್ಲು ಬಿಟ್ಟ ಅವಳದೇ ಮುಖ. ಒಂದು ಕೈಯಲ್ಲಿ ಆ ಮೀನು. ಇನ್ನೊಂದು ಕೈಯಲ್ಲಿ ಅಂಗಡಿಯ ಅಗ್ಗದ ಬಂದೂಕು! ಪ್ರಿಂಟಿನವನು ಕಂಪ್ಯೂಟರಿನಲ್ಲಿ ಅಂಟಿಸಿದ್ದು. ಅವಸರದಲ್ಲಿ ಅಂಟಿಸಿದ್ದಕ್ಕೆ ಆ ಕೈಗೆ ಎರಡು ಹೆಬ್ಬೆರಳು ಬಂದಿದ್ದವು. ಕೆಳಗೆ ದಪ್ಪಕ್ಷರದಲ್ಲಿ: "ಕ್ರೇನಕ್ಕ ನಂಬಿದ ಬಂದೂಕು. ನಿಮ್ಮ ಕೈಗೂ ಇರಲಿ."

ಪಾಳಿ ಮುಗಿಯುವವರೆಗೆ ಅವಳು ಕೆಲಸ ಮಾಡಿದಳು. ಒಂದು ಪೆಟ್ಟಿಗೆಯೂ ಅಲುಗಲಿಲ್ಲ. ಆಮೇಲೆ ಹೆಲ್ಮೆಟ್ ತೆಗೆಯದೆ, ಬೂಟು ಬಿಚ್ಚದೆ ನೇರ ಅಂಗಡಿಗೆ ನಡೆದಳು. ಒಳಗೆ ಗಿರಾಕಿಗಳಿದ್ದರು. ಆಸ್ಪತ್ರೆಯ ನರ್ಸೊಬ್ಬಳು ಗೋಡೆಯ ಬಂದೂಕೊಂದನ್ನು ಹಿಡಿದು ನಿಂತಿದ್ದಳು.

"ಅಯ್ಯೋ, ನೀವೇ ಅಲ್ವಾ ಬ್ಯಾನರಲ್ಲಿರೋದು? ಇದರಲ್ಲೇನಾ ಅಷ್ಟು ದೊಡ್ಡ ಮೀನು ಹೊಡೆದದ್ದು?"

ಅಣ್ಣ ಕೌಂಟರಿನ ಹಿಂದಿನಿಂದ ಕಣ್ಸನ್ನೆ ಮಾಡಿದ. ಅವಳು ಅದಕ್ಕೆ ಸೊಪ್ಪು ಹಾಕಲಿಲ್ಲ.

"ಇದರಲ್ಲಲ್ಲ ಕಣಮ್ಮ. ಅದನ್ನ ಹೊಡೆದದ್ದು ಬಡಗಿ ಮಾಡಿದ ಗನ್ನಲ್ಲಿ. ಇದು ಕಲಿಯೋಕೆ ಪರವಾಗಿಲ್ಲ. ಬಿಸಿಲಿಗೆ ಇಡಬೇಡ, ನೆರಳಲ್ಲಿ ನೇತುಹಾಕು, ಒಂದು ಬೇಸಿಗೆ ಬರುತ್ತೆ. ಆಮೇಲೆ ಬಾಗುತ್ತೆ. ಬಾಗಿದಾಗ ನಿನ್ನ ಕೈ ಸರಿ ಇಲ್ಲ ಅಂತ ಯಾರಾದ್ರೂ ಅಂದ್ರೆ ನಂಬಬೇಡ."

ಅವಳು ಮೂಲೆಯಲ್ಲಿದ್ದ ಏಣಿಯನ್ನು ಹೊರಗೆ ತಂದು ಗೋಡೆಗೆ ಆನಿಸಿ ಹತ್ತಿದಳು.

"ಏಯ್, ಏನ್ ಮಾಡ್ತಿದೀಯ? ಇಳಿ ಕೆಳಗೆ! ಜನ ನೋಡ್ತಿದಾರೆ!" ಅಣ್ಣ ಹಿಂದೆಯೇ ಓಡಿಬಂದ.

"ನೋಡ್ಲಿ ಅಂತಾನೇ ತಾನೆ ಹಾಕಿಸಿದ್ದು?"

"ಅದಕ್ಕೆ ಎಷ್ಟು ಖರ್ಚಾಗಿದೆ ಗೊತ್ತಾ ನಿನಗೆ?"

"ಮುಖ ನಂದು, ಮೀನು ನಂದು. ಸುಳ್ಳು ಮಾತ್ರ ನಿಂದು. ಸುಳ್ಳು ಇಟ್ಕೋ, ನನ್ನ ಮುಖ ಕೊಡು."

ಒಂದೊಂದೇ ಗಂಟು ಬಿಚ್ಚಿ, ಬ್ಯಾನರನ್ನು ಹರಿಯದೆ, ನೆಲಕ್ಕೂ ಎಸೆಯದೆ, ಸುತ್ತಿ ಹೆಗಲಮೇಲೆ ಹೊತ್ತು ಇಳಿದಳು. ಕೆಳಗೆ ಏಣಿಯನ್ನು ಭದ್ರವಾಗಿ ಹಿಡಿದುಕೊಂಡಿದ್ದವಳು ಅತ್ತಿಗೆ. ಅಣ್ಣನ ಮುಖ ಕೆಂಡವಾಗಿತ್ತು. "ಇನ್ಮೇಲೆ ನನ್ನ ಅಂಗಡಿಗೆ ಕಾಲಿಡಬೇಡ" ಎಂದ. ಕೇಳಿದ ಹತ್ತಾರು ಜನ ಅಲ್ಲಿದ್ದರು.

ಆ ರಾತ್ರಿ ಅವಳು ಅತ್ತಳು. ಅಣ್ಣ ಅವಳಿಗೆ ಈಜು ಕಲಿಸಿದವನು. ಸಣ್ಣವಳಿದ್ದಾಗ ಬೆನ್ನಮೇಲೆ ಕೂರಿಸಿಕೊಂಡು ಅಲೆ ದಾಟಿಸಿದವನು. ಅಣ್ಣನ ಜೊತೆಗಿದ್ದ ತಾಯಿ ಫೋನು ಮಾಡಿ, "ಹೋಗಿ ತಪ್ಪಾಯ್ತು ಅನ್ನು, ಮುಗಿದುಹೋಗುತ್ತೆ" ಎಂದಳು.

"ತಪ್ಪು ಯಾವುದು ಅಂತ ಹೇಳಮ್ಮ, ಈಗ್ಲೇ ಹೋಗಿ ಅಂತೀನಿ."

"ನಿನ್ನ ಹಠ ನಿನಗೇ ಇರ್ಲಿ" ಎಂದು ತಾಯಿ ಫೋನಿಟ್ಟಳು.

ಹಾಗಂತ ಅವಳು ದೂರವೂ ಉಳಿಯಲಿಲ್ಲ. ಮುಂದಿನ ಶನಿವಾರ ಪಾಳಿ ಮುಗಿಸಿ ಅಂಗಡಿಗೆ ಹೋದಳು. ಅಣ್ಣ ಮುಖ ತಿರುಗಿಸಿದ. ಅವಳು ಕೌಂಟರಿನ ಪಕ್ಕದ ಸ್ಟೂಲಿನ ಮೇಲೆ ಕುಳಿತು, ಅತ್ತಿಗೆ ಕೊಟ್ಟ ಟೀ ಕುಡಿದು, ಲೋಟ ತೊಳೆದಿಟ್ಟು ಬಂದಳು. ಅದರ ಮುಂದಿನ ಶನಿವಾರವೂ ಹೋದಳು.

"ಬರಬೇಡ ಅಂದಿದ್ದಾರಲ್ಲ, ಮತ್ಯಾಕೆ ಹೋಗ್ತೀಯ?" ಎಂದು ಗಂಡ ಕೇಳಿದ.

"ನನ್ನ ಅಣ್ಣನ ಅಂಗಡಿ ಅದು. ಬರಬೇಡ ಅನ್ನೋಕೆ ಅವನ್ಯಾರು?"

ಯಾರಾದರೂ ಬಂದೂಕಿನ ಬಗ್ಗೆ ಕೇಳಿದರೆ ಸ್ಟೂಲಿನಿಂದಲೇ ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದಳು: ಹೊಸಬರಾದರೆ ಅಗ್ಗದ್ದು ತಗೊಳ್ಳಿ, ನೆರಳಲ್ಲಿಡಿ, ಬಿಡದೆ ಮುಳುಗುವವರಾದರೆ ದುಡ್ಡು ಕೂಡಿಟ್ಟು ಬಡಗಿಯ ಹತ್ತಿರ ಹೋಗಿ, ತೋರಿಸಿ ಮೆರೆಯುವುದಾದರೆ ಕಪಾಟಿನಲ್ಲಿ ಇದೆ. ವಿಚಿತ್ರವೆಂದರೆ, ಹಾಗೆ ಕೇಳಿಸಿಕೊಂಡವರಲ್ಲಿ ಹೆಚ್ಚಿನವರು ಅಗ್ಗದ್ದನ್ನೇ ಕೊಂಡರು. ನರ್ಸು ಕೂಡ ಕೊಂಡಳು, ಮತ್ತೆ ರಜೆಯ ದಿನ ಮುಳುಗಲು ಕಲಿಸಿ ಎಂದು ಕ್ರೇನಕ್ಕನ ಬೆನ್ನುಬಿದ್ದಳು.

ಅಣ್ಣ ಜಪ್ಪಯ್ಯ ಅಂದರೂ ಅವಳೊಡನೆ ಮಾತಾಡಲಿಲ್ಲ. ಮಳೆಗಾಲ ಕಳೆದು ಒಂದು ಶನಿವಾರ, ಗಿರಾಕಿಯೊಬ್ಬ ಬಂದೂಕು ಹಿಡಿದು, "ಇದು ಎಷ್ಟು ದಿನ ಬಾಳಿಕೆ ಬರುತ್ತೆ?" ಎಂದು ಕೇಳಿದ. ಅಣ್ಣ ಹಗ್ಗ ಅಳೆಯುತ್ತಿದ್ದ. ತಲೆ ಎತ್ತದೆ,

"ಅಲ್ಲಿ ಕೂತಿದಾಳಲ್ಲ, ಅವಳನ್ನ ಕೇಳಿ" ಎಂದ.