ಕೂಳೆ ಕಬ್ಬಿನ ಬುಡ ಅಗೆದ ದಿನ

1996ರ ಮಾರ್ಚ್. ನನ್ನ ಹುದ್ದೆ: ವಿದ್ಯಾರ್ಥಿ. ವೃತ್ತಿಯ ಅನುಭವವನ್ನು ವೃತ್ತಿಯೇ ಇಲ್ಲದ ದಿನಗಳಿಂದ ಶುರುಮಾಡುತ್ತಿದ್ದಾನಲ್ಲ ಎಂದು ಓದುಗರಿಗೆ ಅನ್ನಿಸಬಹುದು. ಆಮೇಲೆ ವಕೀಲನಾಗಿ ಗೆದ್ದ ಕೇಸುಗಳೂ ಉಂಟು. ಆದರೆ ಅವನ್ನು ಎಷ್ಟೋ ಸಲ ಹೇಳಿ ಹೇಳಿ ನುಣ್ಣಗೆ ಮಾಡಿಬಿಟ್ಟಿದ್ದೇನೆ. ಈಗ ಅವುಗಳಲ್ಲಿ ನಿಜ ಎಷ್ಟು, ಪಾಲಿಶ್ ಎಷ್ಟು ಎಂದು ನನಗೇ ತಿಳಿಯದು. ಈ ಒಂದಕ್ಕೆ ಮಾತ್ರ ಆಗಿನ ನೋಟ್‌ಬುಕ್ ಉಳಿದಿದೆ. ನೆನಪು ದಾರಿ ತಪ್ಪಿದಾಗಲೆಲ್ಲ ಅದು ಅಡ್ಡ ಬರುತ್ತದೆ.

ಮೈಸೂರಿನಲ್ಲಿ ನಾನು ಓದುತ್ತಿದ್ದದ್ದು ಕಾನೂನು ಮತ್ತು ಕ್ರಿಮಿನಾಲಜಿ, ಅಂದರೆ ಅಪರಾಧಶಾಸ್ತ್ರ, ಎರಡನ್ನೂ ಸೇರಿಸಿದ ಐದು ವರ್ಷದ ಪದವಿ. ನಮ್ಮ ಊರು ಶ್ರೀರಂಗಪಟ್ಟಣದ ಗಂಜಾಂ. ಅಪ್ಪನಿಗೆ ದೇವಸ್ಥಾನದ ದಾರಿಯಲ್ಲಿ ಹಣ್ಣುಕಾಯಿ ಅಂಗಡಿ. ಪಕ್ಕದಂಗಡಿಯ ಮಾದಣ್ಣ, "ಲಾ ಓದುದ್ರೆ ಲಾಯರಾಗ್ತೀಯ, ಸರಿ. ಆ ಇನ್ನೊಂದು ಓದುದ್ರೆ ಏನಾಗ್ತೀಯ್ಲಾ, ಕಳ್ಳನಾ?" ಎಂದು ದಿನಾ ಕೇಳುತ್ತಿದ್ದ. ಬೆಳಗಿನ ತರಗತಿಯಲ್ಲಿ ಕಾನೂನಿನ ಮೇಷ್ಟ್ರು, "ಕಡತದಲ್ಲಿ ಇಲ್ಲದ್ದು ಲೋಕದಲ್ಲೇ ಇಲ್ಲ" ಅನ್ನುತ್ತಿದ್ದರು. ಮಧ್ಯಾಹ್ನ ಕ್ರಿಮಿನಾಲಜಿ ಮೇಷ್ಟ್ರು, "ಕಡತ ಮುಚ್ಚಿ, ಜಾಗಕ್ಕೆ ಹೋಗಿ" ಅನ್ನುತ್ತಿದ್ದರು. ಒಂದೇ ಪದವಿಯ ಎರಡು ತುದಿಗಳಲ್ಲಿ ಇಬ್ಬರೂ ಕೂತಿದ್ದರು, ನಡುವೆ ನಾವು.

ಕೊನೆಯ ವರ್ಷ ಫೀಲ್ಡ್ ವರದಿ ಬರೆಯಬೇಕಿತ್ತು. ಪ್ರತ್ಯಕ್ಷ ಸಾಕ್ಷಿ ಹೇಳಿದ್ದು ಘಟನೆ ನಡೆದ ಜಾಗಕ್ಕೆ ಎಷ್ಟು ತಾಳೆಯಾಗುತ್ತದೆ ಎಂಬುದನ್ನು ನಾನು ಆರಿಸಿಕೊಂಡೆ. ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲ, ಕೆ.ಆರ್. ಪೇಟೆ, ಈ ನಾಲ್ಕು ಕೋರ್ಟುಗಳಿಂದ ತಲಾ ಮೂರು ಕೇಸು. ಬಸ್ಸಿನಲ್ಲಿ ಸುತ್ತಿ ಸುತ್ತಿ ಹನ್ನೊಂದು ಮುಗಿಸಿದ್ದೆ. ಹನ್ನೆರಡನೆಯದು ಕೆ.ಆರ್. ಪೇಟೆಯಲ್ಲಿ ಸಿಕ್ಕಿತು. ಅಲ್ಲಿ ಶಿವಣ್ಣ ಎಂಬ ಹಿರಿಯ ವಕೀಲರು ನನ್ನನ್ನು ಹಿಂದೆ ಕೂರಿಸಿಕೊಳ್ಳುತ್ತಿದ್ದರು. ನೆನಪಿನ ಚಿತ್ರದಲ್ಲಿ ನಾನೂ ಕಪ್ಪು ಕೋಟು ಹಾಕಿದ್ದೇನೆ. ಅದು ಸುಳ್ಳು. ವಿದ್ಯಾರ್ಥಿಗೆ ಕೋಟೆಲ್ಲಿ? ಚೌಕಳಿ ಅಂಗಿ, ಕೈಯಲ್ಲಿ ಶಿವಣ್ಣನವರ ಫೈಲು.

ಆರೋಪಿ ಸಾಕಮ್ಮ. ಸಿಂಧಘಟ್ಟದ ಕಡೆಯ ಒಂದು ಹಳ್ಳಿಯವಳು, ಸುಮಾರು ನಲವತ್ತೈದು ವರ್ಷ, ಗಂಡ ಇಲ್ಲ, ಎರಡು ಸೀಮೆಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕಿ ಬದುಕುತ್ತಿದ್ದಳು. ದೀಪಾವಳಿ ಆದ ವಾರ, ಬೆಳಗ್ಗೆ, ಊರಾಚೆಯ ಕಾಲುದಾರಿಯಲ್ಲಿ ನಿಂಗೇಗೌಡ ಎಂಬಾತನ ತೋಳಿಗೆ ಹಿಂದಿನಿಂದ ಕುಡುಗೋಲು ಬೀಸಿದಳು ಎಂಬುದು ಆರೋಪ. ಬದುವಿನ ಹುಲ್ಲಿಗಾಗಿ ಇಬ್ಬರಿಗೂ ಜಗಳವಿದ್ದದ್ದು ನಿಜ. ಏಟು ಮೂಳೆಯವರೆಗೆ ಇಳಿದಿತ್ತು. ಹಾಗಾಗಿ ದಂಡ ಸಂಹಿತೆಯ 326ನೇ ಕಲಂ: ಅಪಾಯಕಾರಿ ಆಯುಧದಿಂದ ತೀವ್ರ ಗಾಯ. ಸಾಬೀತಾದರೆ ಸಾಕಮ್ಮನಿಗೆ ಜೈಲು.

ಹೊಡೆದವರನ್ನು ನಿಂಗೇಗೌಡ ಕಂಡಿರಲಿಲ್ಲ. ಕೇಸು ನಿಂತಿದ್ದದ್ದು ಬೋರಯ್ಯ ಎಂಬ ಒಬ್ಬನೇ ಸಾಕ್ಷಿಯ ಮೇಲೆ. ಅರವತ್ತು ದಾಟಿದ ಸಾಧು ಮನುಷ್ಯ. ಕಟಕಟೆಯಲ್ಲಿ ಕೈಮುಗಿದು ಹೇಳಿದ: "ಡೈರಿಗೆ ಹಾಲಾಕ್ಬುಟ್ಟು ಜಗುಲಿ ಮೇಲೆ ಕುಂತಿದ್ದೆ ಸ್ವಾಮಿ. ಎದುರ್ಗೇ ಕಾಣ್ತಿತ್ತು. ಸಾಕಮ್ಮ ಬೀಸುದ್ಲು, ನಿಂಗೇಗೌಡ ಬಿದ್ದ."

ಕಡತವೂ ಅವನ ಪರವಾಗಿತ್ತು. ಪೊಲೀಸರ ಕೋರಿಕೆಯ ಮೇಲೆ ಲೋಕೋಪಯೋಗಿ ಇಲಾಖೆಯ ಎಂಜಿನಿಯರು ಜನವರಿ ಕೊನೆಯಲ್ಲಿ ಬಂದು ಬರೆದ ಸ್ಥಳದ ನಕ್ಷೆಯಲ್ಲಿ ಡೈರಿಗೂ ಕಾಲುದಾರಿಗೂ ನಡುವೆ "ಖಾಲಿ ಜಮೀನು" ಎಂದಿತ್ತು. ಘಟನೆಯ ದಿನ ಪಂಚರ ಮುಂದೆ ಬರೆದ ಮಹಜರಿನಲ್ಲಿ, ರೂಢಿಯಂತೆ, ಚಕ್ಕುಬಂದಿ ಇತ್ತು: ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಇಂಥವರದು. ಜಮೀನು ಯಾರದೆಂದು ಬರೆಯುತ್ತಾರೆಯೇ ಹೊರತು ಅದರಲ್ಲಿ ಏನು ಬೆಳೆದು ನಿಂತಿದೆ ಎಂದು ಬರೆಯುವ ಪದ್ಧತಿ ಇಲ್ಲ. ಜಮೀನಿನ ಸರ್ಕಾರಿ ದಾಖಲೆಯಾದ ಪಹಣಿಯಲ್ಲಿ ಬೆಳೆ: ಭತ್ತ. ಭತ್ತವಾದರೆ ಸೊಂಟದೆತ್ತರ, ಅದರ ಮೇಲಿಂದ ಎಲ್ಲವೂ ಕಾಣುತ್ತದೆ. ಶಿವಣ್ಣನವರು ಬೋರಯ್ಯನನ್ನು ಎದುರು ಪ್ರಶ್ನಿಸುವ ಪಾಟೀಸವಾಲಿಗೆ ಮುಂದಿನ ತಾರೀಖು ಕೇಳಿ ಹೊರಗೆ ಬಂದು, "ಕಷ್ಟ ಐತೆ ಕಣಯ್ಯ" ಅಂದರು.

ಆ ಭಾನುವಾರ ನಾನು ಹಳ್ಳಿಗೆ ಹೋದೆ. ಡೈರಿ ಜಗುಲಿಯ ಮೇಲೆ ಬೋರಯ್ಯ ಕೂತಿದ್ದೆನೆಂದ ಜಾಗದಲ್ಲೇ ಕೂತೆ. ಕಾಲುದಾರಿಗೆ ನೂರ ನಲವತ್ತು ಹೆಜ್ಜೆ. ನಡುವೆ ಮೊಳಕಾಲೆತ್ತರದ ಕಬ್ಬು. ದಾರಿಯಲ್ಲಿ ಹೋಗುವ ಕೋಳಿ ಕೂಡ ಕಾಣುತ್ತಿತ್ತು. ಭತ್ತ ಕೊಯ್ದ ಮೇಲೆ ಕಬ್ಬು ನೆಟ್ಟಿದ್ದಾರೆ ಎಂದುಕೊಂಡು ನೋಟ್‌ಬುಕ್ಕಿನಲ್ಲಿ ಬರೆದೆ: "ಸಾಕ್ಷಿಯ ಮಾತು ಜಾಗಕ್ಕೆ ತಾಳೆಯಾಗುತ್ತದೆ. ಆರೋಪಿ ಬಹುಶಃ ತಪ್ಪಿತಸ್ಥೆ." ಅಡಿಗೆರೆ ಎರಡು. ಆ ಪುಟ ಈಗಲೂ ಇದೆ, ಹರಿದು ಹಾಕಿಲ್ಲ.

ಅಷ್ಟರಲ್ಲಿ ಸಾಕಮ್ಮ ಹುಲ್ಲಿನ ಹೊರೆ ಹೊತ್ತು ಬಂದಳು. ನಾನು ಯಾರ ಮಗ, ಏನು ನೋಡಲು ಬರುತ್ತೇನೆ ಎಂದು ಕೋರ್ಟಿನಲ್ಲೇ ವಿಚಾರಿಸಿಕೊಂಡಿದ್ದಳು.

"ಏನ್ ಮಗಾ, ನೋಡುದ್ಯಾ?"

"ನೋಡಿದೆ ಅಕ್ಕ. ಇಲ್ಲಿಂದ ಎಲ್ಲ ಚೆನ್ನಾಗಿ ಕಾಣುತ್ತಲ್ಲ."

"ಈಗ ಕಾಣ್ದೆ ಏನಾಯ್ತದೆ? ಆವತ್ತು ಎರಡಾಳೆತ್ರ ಕಬ್ಬು ನಿಂತಿತ್ತಲ್ಲ."

"ಕಬ್ಬು ಈಗ ತಾನೇ ನೆಟ್ಟಿರೋದು?"

ಅವಳು ಹೊರೆ ಕೆಳಗೆ ಹಾಕಿ ನನ್ನನ್ನೇ ನೋಡಿದಳು. ಆಮೇಲೆ ನಗು. "ಅಯ್ಯೋ ನನ್ನಪ್ಪಾ! ಇದು ಕೂಳೆ ಕಣಪ್ಪ, ಕೂಳೆ! ಕಾಯಿ ಮಾರೋರ್ ಮಗ ನನ್ನ ಜೈಲಿಂದ ಬುಡಸ್ತಾನಂತೆ, ಬನ್ರವ್ವಾ ನೋಡಿ!"

ಕಬ್ಬು ಕಡಿದು ಬುಡವನ್ನು ನೆಲದಲ್ಲೇ ಬಿಟ್ಟರೆ ಅದೇ ಚಿಗುರಿ ಮತ್ತೊಂದು ಬೆಳೆ ಬರುತ್ತದೆ. ಅದೇ ಕೂಳೆ. ಅಂದರೆ ಈಗ ಮೊಳಕಾಲೆತ್ತರ ಇರುವ ಆ ಜಮೀನಿನಲ್ಲಿ ದೀಪಾವಳಿಗೆ ಕಟಾವಿಗೆ ಬಂದ ಕಬ್ಬು ಗೋಡೆಯಂತೆ ನಿಂತಿತ್ತು. ಪಹಣಿಯ "ಭತ್ತ" ಯಾವುದೋ ಹಿಂದಿನ ವರ್ಷದ್ದು, ಹಾಗೇ ಮುಂದುವರಿದಿತ್ತು. ಎಂಜಿನಿಯರು ಬಂದದ್ದು ಕಬ್ಬು ಕಡಿದ ಮೇಲೆ; ಅವರು ಕಂಡದ್ದನ್ನೇ ಬರೆದಿದ್ದರು.

"ವಕೀಲರಿಗೆ ಯಾಕೆ ಹೇಳಲಿಲ್ಲ ಅಕ್ಕ?"

"ಯಾರಾರ ಕೇಳುದ್ರಾ? ಒಡೆದ್ಯಾ ಇಲ್ವಾ, ಒಡೆದ್ಯಾ ಇಲ್ವಾ, ಇದೇ ಆಯ್ತು ಎಲ್ಲಾರ್ದೂ. ಕಣ್ಣಿರೋರ್ಗೆ ಕೂಳೆ ಕಾಣಲ್ವಾ ಅಂದ್ಕಂಡೆ."

ಊರಿಗೆಲ್ಲ ಗೊತ್ತಿತ್ತು. ಅದಕ್ಕೇ ಯಾರೂ ಹೇಳಿರಲಿಲ್ಲ. ಆ ಜಮೀನು ನಿಂಗೇಗೌಡನ ಅಣ್ಣನದು. ಅವನ ವಿರುದ್ಧ ಕೋರ್ಟಿಗೆ ಬಂದು ಹೇಳುವವರೂ ಇರಲಿಲ್ಲ.

ಮರುದಿನ ಶಿವಣ್ಣನವರು ಕೇಳಿದರು: "ಕೂಳೆ ಅಂತ ಪಹಣೀಲಿ ಐತೇನಯ್ಯ?"

"ಇಲ್ಲ ಸಾರ್, ನೆಲದಲ್ಲಿದೆ."

ಇಷ್ಟು ಚೆಂದದ ಉತ್ತರವನ್ನು ಆಗಲೇ ಕೊಟ್ಟೆನೇ? ನೋಟ್‌ಬುಕ್ಕಿನಲ್ಲಿ ಇಲ್ಲ. ಆಮೇಲೆ ಸೇರಿಸಿಕೊಂಡಿರಬಹುದು. ಅರ್ಜಿ ಬರೆದದ್ದು ಮಾತ್ರ ಖಂಡಿತ: ದಂಡ ಪ್ರಕ್ರಿಯಾ ಸಂಹಿತೆಯ 310ನೇ ಕಲಂ, ನ್ಯಾಯಾಧೀಶರೇ ಸ್ಥಳಕ್ಕೆ ಬಂದು ನೋಡುವ ಅವಕಾಶ. ಕೂಳೆಯಾದರೆ ಬುಡದಲ್ಲಿ ಹಳೆಯ ಬೆಳೆ ಕಡಿದ ಗುರುತಿರುತ್ತದೆ, ಅಗೆಸಿ ನೋಡಬೇಕು ಎಂದು ಕೋರಿದ್ದೆವು. ಬೆಳಗಿನ ತರಗತಿಯಲ್ಲಿ ಆ ಕಲಂ ಒಂದು ಸಾಲಿನಲ್ಲಿ ಮುಗಿದಿತ್ತು. ಮಧ್ಯಾಹ್ನದ ತರಗತಿ ಇಲ್ಲದಿದ್ದರೆ ಅದನ್ನು ಹುಡುಕುವ ಕಾರಣವೇ ನನಗೆ ಸಿಗುತ್ತಿರಲಿಲ್ಲ.

ಸರ್ಕಾರಿ ವಕೀಲರು ನಕ್ಕರು: "ಪಹಣಿ ಇರುವಾಗ ಗುದ್ದಲಿ ಯಾಕೆ ಸ್ವಾಮಿ?" ಮ್ಯಾಜಿಸ್ಟ್ರೇಟರು ನಗಲಿಲ್ಲ. ಹತ್ತು ದಿನದ ಮೇಲೆ ಬೆಳಗ್ಗೆ ಒಂಬತ್ತಕ್ಕೆ ಬರುವುದಾಗಿ ಬರೆಸಿದರು.

ಬಂದರು. ಅರ್ಧ ಊರು ಬದುವಿನ ಮೇಲೆ ನಿಂತಿತ್ತು. ಮೂರು ಕಡೆ ಬುಡ ಅಗೆಸಿದರು. ಮೊದಲನೆಯದು ಮೇಲೆ ಬಂತು. ಮ್ಯಾಜಿಸ್ಟ್ರೇಟರು ಪ್ಯಾಂಟು ಮೇಲೆತ್ತಿ ಕುಕ್ಕರಗಾಲಲ್ಲಿ ಕೂತು, ಮಣ್ಣನ್ನು ಬೆರಳಲ್ಲೇ ಬಿಡಿಸಿದರು. ಒಳಗೆ ಹೆಬ್ಬೆರಳಿಗಿಂತ ದಪ್ಪದ ಹಳೆಯ ಕೊರಡುಗಳು, ಮಚ್ಚಿನಿಂದ ಓರೆಯಾಗಿ ಕಡಿದವು, ಕಪ್ಪಿಟ್ಟಿದ್ದವು. ಅವುಗಳ ಪಕ್ಕದಿಂದಲೇ ಹೊಸ ಹಸಿರು. ಎರಡನೆಯದೂ ಹಾಗೇ. ಮೂರನೆಯದೂ ಹಾಗೇ. ಕಂಡದ್ದನ್ನಷ್ಟೇ ಟಿಪ್ಪಣಿ ಮಾಡಿಸಿ ಜೀಪು ಹತ್ತಿದರು.

ಮಧ್ಯಾಹ್ನ ಕೋರ್ಟಿನಲ್ಲಿ ಶಿವಣ್ಣನವರ ಪಾಟೀಸವಾಲು ಐದು ನಿಮಿಷವೂ ಆಗಲಿಲ್ಲ.

"ಬೋರಯ್ಯನವರೇ, ಆ ಕಬ್ಬು ಹೊಸದಾಗಿ ನೆಟ್ಟದ್ದೋ, ಕೂಳೆಯೋ?"

"ಕೂಳೆ ಸ್ವಾಮಿ."

"ಹಿಂದಿನದನ್ನ ಯಾವಾಗ ಕಡಿದರು?"

"ಸಂಕ್ರಾಂತಿ ಆದ್ಮೇಲೆ."

"ದೀಪಾವಳೀಲಿ?"

ಬೋರಯ್ಯ ತಲೆಯ ವಸ್ತ್ರ ತೆಗೆದು ಕೈಯಲ್ಲಿ ಹಿಡಿದುಕೊಂಡ. "ನಿಂತಿತ್ತು ಸ್ವಾಮಿ." ಆಮೇಲೆ, ಯಾರೂ ಕೇಳದೆಯೇ: "ಅವ್ಳು ಕುಡ್ಲು ಇಡ್ಕಂಡು ಆ ಕಡೆ ಓಗಿದ್ದು ಕಂಡೆ. ಕೂಗು ಕೇಳುಸ್ತು. ಬೀಸಿದ್ದು... ಕಂಡಂಗೇ ಅದೆ. ಈಗ್ಲೂ ಕಣ್ಮುಂದೆ ಅದೆ. ಆದ್ರೆ ಕಬ್ಬಿತ್ತಲ್ಲ, ಎಂಗೆ ಕಂಡೆ?"

ಅವನು ಸುಳ್ಳುಗಾರನಲ್ಲ. ಒಂದು ಹೆಂಗಸು ಹೋದದ್ದು ಕಂಡಿದ್ದ, ಒಂದು ಕೂಗು ಕೇಳಿದ್ದ. ಕಬ್ಬು ಕಡಿದ ಮೇಲೆ ದಿನಾ ಅದೇ ಜಗುಲಿಯಿಂದ ಅದೇ ದಾರಿ ನೋಡುತ್ತ ನಡುವಿನದನ್ನು ಮನಸ್ಸೇ ತುಂಬಿಕೊಂಡಿತ್ತು.

ಏಪ್ರಿಲಿನಲ್ಲಿ ತೀರ್ಪು ಬಂತು. ಇಂಗ್ಲಿಷಿನಲ್ಲಿ ಓದಿದ್ದು ಸಾಕಮ್ಮನಿಗೆ ಅರ್ಥವಾಗಲಿಲ್ಲ. ನನ್ನ ಅಂಗಿಯ ತೋಳು ಜಗ್ಗಿದಳು. "ಏನಂದ್ರು ಮಗಾ?"

"ಮನೆಗೆ ಹೋಗಿ ಅಂದ್ರು ಅಕ್ಕ. ಬಿಡುಗಡೆ."

ಕೋರ್ಟಿನ ಮೆಟ್ಟಿಲ ಮೇಲೆ ಅವಳು ಕೂಗಿದ ಕೂಗಿಗೆ ಟೈಪಿಸ್ಟರೆಲ್ಲ ತಲೆಯೆತ್ತಿದರು. "ಗೆದ್ದೋ ಕಣ್ರೋ! ನಮ್ ಕಾಯಿ ಲಾಯರು ಗೆದ್ಬುಟ್ಟ!" ಶಿವಣ್ಣನವರು, "ವಾದ ಮಾಡಿದ್ದು ನಾನಮ್ಮಾ" ಅಂದರು. "ನೀವೂ ಗೆದ್ರಿ ಬುಡಿ ಸ್ವಾಮಿ" ಎಂದು ಅವರಿಗೂ ಒಂದು ಪಾಲು ಕೊಟ್ಟಳು. ಸಂಜೆ ಹಾಲು ಕರೆಯುವ ಹೊತ್ತಾಯಿತೆಂದು ಮೂರೂವರೆಯ ಬಸ್ಸಿಗೆ ಓಡಿದಳು.

ನಿಂಗೇಗೌಡನಿಗೆ ಹೊಡೆದವರು ಯಾರು? ಗೊತ್ತಿಲ್ಲ. ಕಥೆ ಪೂರ್ತಿಯಾಗಲೆಂದು ಇಲ್ಲಿ ಒಬ್ಬನನ್ನು ತಂದು ನಿಲ್ಲಿಸಲಾರೆ. ವರದಿಯ ಮೌಖಿಕ ಪರೀಕ್ಷೆಯಲ್ಲಿ ಕ್ರಿಮಿನಾಲಜಿ ಮೇಷ್ಟ್ರು ಕೇಳಿದ್ದೂ ಅದನ್ನೇ. ನಾನು ಬಾಯಿ ತೆರೆಯುವ ಮೊದಲೇ ಕಾನೂನಿನ ಮೇಷ್ಟ್ರು, "ಅದು ಆ ಕೋರ್ಟಿನ ಮುಂದಿದ್ದ ಪ್ರಶ್ನೆ ಅಲ್ಲ" ಅಂದರು. ಐದು ವರ್ಷದಲ್ಲಿ ಮೊದಲ ಸಲ ಇಬ್ಬರೂ ನನ್ನ ಮುಂದೆಯೇ ಜಗಳವಾಡಿದರು, ಇಬ್ಬರೂ ಪೂರ್ತಿ ಅಂಕ ಕೊಟ್ಟರು.

ಆಮೇಲೆ ನನಗೂ ಕಪ್ಪು ಕೋಟು ಬಂತು, ನನ್ನ ಹಿಂದೆ ಕೂರುವ ವಿದ್ಯಾರ್ಥಿಗಳೂ ಬಂದರು. ನಾನು ಅವರಿಗೆ ಹೇಳುವುದು ಇಷ್ಟೇ. ಕಕ್ಷಿಗಾರನನ್ನು "ಮಾಡಿದೆಯಾ, ಇಲ್ಲವಾ" ಎಂದು ಆಮೇಲೆ ಕೇಳಿ. ಮೊದಲು ಅವನ ಜೊತೆ ಆ ಜಾಗಕ್ಕೆ ಹೋಗಿ ನಿಂತು, ಎಲ್ಲರಿಗೂ ಗೊತ್ತಿರುವುದರಿಂದಲೇ ಯಾರೂ ಹೇಳದೆ ಬಿಟ್ಟದ್ದು ಏನು ಎಂದು ಕೇಳಿ. ಪೆದ್ದ ಅನ್ನಿಸಿಕೊಳ್ಳುವುದಕ್ಕೆ ಹೆದರಬೇಡಿ. ಆವತ್ತು ನನ್ನನ್ನು ನೋಡಿ ಸಾಕಮ್ಮ ನಕ್ಕದ್ದರಿಂದಲೇ ಅವಳು ಮನೆಗೆ ಹೋದಳು.