ಫ್ಯೂಸಿನ ಜಾಗದಲ್ಲಿ ತಾಮ್ರದ ತಂತಿ

ಅಕ್ಕನ ಗಾಡಿಗೆ ನಾನು ಫ್ಯೂಸ್ ಹಾಕಲಿಲ್ಲ. ಅದು ಇರಬೇಕಾದ ಜಾಗದಲ್ಲಿ ನಾಲ್ಕೆಳೆ ತಾಮ್ರದ ತಂತಿ ಹುರಿ ಮಾಡಿ ಸುತ್ತಿ ಬಂದೆ. ನಾಳೆ ತೆಗೆಯುತ್ತೇನೆ ಅಂದುಕೊಂಡೆ, ತೆಗೆಯಲಿಲ್ಲ. ಆಮೇಲೆ ಅದನ್ನು ಬಾಯಿಬಿಟ್ಟು ಹೇಳಲೂ ಇಲ್ಲ.

ಅಕ್ಕ, ಭಾವ ಜೇನು ಸಾಕುತ್ತಾರೆ. ಹೂವು ಬಿಟ್ಟ ಕಡೆಗೆ ಪೆಟ್ಟಿಗೆ ಸಾಗಿಸಬೇಕು. ಹೊಳಲ್ಕೆರೆ ಕಡೆ ಸೂರ್ಯಕಾಂತಿ, ಹಿರಿಯೂರು ಕಡೆ ದಾಳಿಂಬೆ, ಹೊಸದುರ್ಗದ ಕಡೆ ತೆಂಗು. ಪೆಟ್ಟಿಗೆಗಳ ಹತ್ತಿರವೇ ಇರಬೇಕೆಂದು ಹಳೆಯದೊಂದು ಸ್ಕೂಲ್ ವ್ಯಾನ್ ಕೊಂಡು, ಸೀಟು ಕಿತ್ತು, ಮಂಚ, ಒಲೆ ಇಟ್ಟು ಅದನ್ನೇ ಮನೆ ಮಾಡಿಕೊಂಡಿದ್ದಾರೆ. ಒಳಗಿನ ವೈರಿಂಗ್ ನನ್ನದು. ನಾನು ಓದಿದ್ದು ಏಳನೇ ಕ್ಲಾಸು. ಪಂಪ್‌ಸೆಟ್ ರಿಪೇರಿ ಮಾಡುವವರ ಜೊತೆ ತಿರುಗಿ ಕೆಲಸ ಕಲಿತವನು. ಮಂಚದ ಕೆಳಗೆ ಬ್ಯಾಟರಿ, ಅದರಿಂದ ನಾಲ್ಕು ಲೈಟು, ಒಂದು ಫ್ಯಾನು, ಮೊಬೈಲ್ ಚಾರ್ಜ್ ಮಾಡುವ ಪಾಯಿಂಟು. ಅಷ್ಟೇ.

ಗಾಡಿ ಹೊಳಲ್ಕೆರೆ ಕಡೆಯ ತಾಳ್ಯದ ಹತ್ತಿರ ನಿಂತಿದ್ದಾಗ ಅಕ್ಕ ಫೋನ್ ಮಾಡಿದಳು. “ಗುಂಡಿ ಹಾರಿದ್ರೆ ಲೈಟು ಆರ್ತಾವೆ, ಇನ್ನೊಂದು ಗುಂಡಿ ಹಾರಿದ್ರೆ ಹತ್ತುತಾವೆ. ಈಗ ಪೂರಾ ಹೋಗ್ಯಾವೆ ಕಣೋ, ಬಾ.”

ಹೋದೆ. ಭಾವ ಬಾಗಿಲಲ್ಲೇ ಕಾಲೆಳೆದರು. “ಇಂಜಿನಿಯರ್ ಸಾಹೇಬ್ರು ಬಂದ್ರು. ಬೇಗ ಚಾ ಕೊಡೇ, ಇಲ್ದಿದ್ರೆ ಫ್ಯಾನಿನ ರೆಕ್ಕೇನೂ ಬಿಚ್ಕಂಡು ಹೋಗ್ತಾನೆ.”

ಫ್ಯೂಸ್ ಸುಟ್ಟಿತ್ತು. ಹೊಸದು ಹಾಕಿ, ಗಾಡಿ ಅಲುಗಲೆಂದು ಹಿಂಬಾಗಿಲು ಬಡಿದೆ, ಅದೂ ಹೋಯಿತು. ಎಲ್ಲೋ ವೈರು ಗಾಡಿಯ ತಗಡಿಗೆ ತಾಗುತ್ತಿತ್ತು. ಒಂದೊಂದೇ ಲೈನು ಬಿಚ್ಚುತ್ತಾ ಹೋದೆ. ಒಲೆಯ ಮೇಲಿನ ಲೈಟಿನ ಲೈನು ಬಿಚ್ಚಿದಾಗ ನನ್ನ ಕೊನೆಯ ಫ್ಯೂಸ್ ಬಾಗಿಲು ಎಷ್ಟು ಬಡಿದರೂ ತಡೆಯಿತು. ಖಾತ್ರಿಗೆಂದು ಮತ್ತೆ ಆ ಲೈನು ಜೋಡಿಸಿ ಬಾಗಿಲು ಬಡಿದೆ, ಅದೂ ಸುಟ್ಟಿತು. ತೊಂದರೆ ಹಿಂಬಾಗಿಲ ಪಕ್ಕದ ಪ್ಲೈವುಡ್ ಹಿಂದೆ ಇತ್ತು. ಅದರ ಮೇಲೆ ಭಾವ ವಾರದ ಹಿಂದಷ್ಟೇ ರೆಕ್ಸಿನ್ ಅಂಟಿಸಿದ್ದರು. ಹರಿಯಲು ಮನಸ್ಸಾಗಲಿಲ್ಲ. ಆ ಲೈನು ಬಿಚ್ಚಿಟ್ಟು ಹೋಗಬಹುದಿತ್ತು. ಆದರೆ ಒಲೆಯ ಮೂಲೆ ಹಗಲಲ್ಲೂ ಕತ್ತಲು, ಅಕ್ಕನಿಗೆ ಬೇಕಾದದ್ದು ಅದೇ ಲೈಟು, ಆಗಲಿಲ್ಲ ಎಂದು ಹೇಳಲು ನನಗೆ ನಾಚಿಕೆ.

ನಮ್ಮ ಕಡೆ ಮೋಟಾರ್ ಶೆಡ್ಡಿನಲ್ಲಿ ಫ್ಯೂಸ್ ಹೋದರೆ ಯಾರೂ ಅಂಗಡಿಗೆ ಓಡುವುದಿಲ್ಲ. ತುಂಡು ವೈರಿನಿಂದ ಎಳೆ ಕಿತ್ತು ಕಟ್ಟುತ್ತೇವೆ. ನನ್ನ ಕೈ ಅದನ್ನೇ ಮಾಡಿತು. ಲೈಟು ಹತ್ತಿತು. ಹನ್ನೆರಡು ವೋಲ್ಟು ಶಾಕ್ ಹೊಡೆಯುವುದಿಲ್ಲ ಅಂದುಕೊಂಡೆ. ಶಾಕ್ ಹೊಡೆಯುವುದಿಲ್ಲ, ನಿಜ. ಆದರೆ ಫ್ಯೂಸ್ ಇಲ್ಲದಿದ್ದರೆ ವೈರೇ ಬೆಂಕಿಯಾಗುತ್ತದೆ, ಅದೂ ನನಗೆ ಗೊತ್ತಿತ್ತು.

ಮರುದಿನ ಹಿರಿಯೂರಿನ ಒಂದು ತೋಟದಲ್ಲಿ ಮೋಟಾರ್ ಕೆಲಸ ಹತ್ತಿಕೊಂಡಿತು. ಅಂಗಡಿಯಲ್ಲಿ ಫ್ಯೂಸ್ ತೆಗೆದುಕೊಂಡು ಜೇಬಿಗೆ ಹಾಕಿದೆ, ಆದರೆ ಹೊರಡಲಿಲ್ಲ. ಊಟಕ್ಕೆ ಕೂತರೆ ಪ್ಲೈವುಡ್ ಹಿಂದೆ ವೈರು ಕೆಂಪಾಗುತ್ತಿರುವಂತೆ ಕಾಣುತ್ತಿತ್ತು. ದಿನಕ್ಕೆರಡು ಸಲ ಅಕ್ಕನಿಗೆ ಫೋನ್ ಮಾಡುತ್ತಿದ್ದೆ.

“ಏನ್ಲೇ, ಇಷ್ಟು ಪ್ರೀತಿ ಉಕ್ಕೈತೆ? ಹೆಣ್ಣು ಗಿಣ್ಣು ನೋಡ್ಬೇಕೇನು?” ಎಂದು ನಕ್ಕಳು.

“ಏನಿಲ್ಲ. ಲೈಟು ಸರಿ ಅದಾವಾ?”

“ಲಕಲಕ ಅಂತಾವೆ.”

ಒಲೆಯ ಮೇಲಿನ ಲೈಟು ಹಾಕಬೇಡ ಎಂದಿದ್ದರೆ ಸಾಕಿತ್ತು. ಹೇಳಲಿಲ್ಲ.

ನಾಲ್ಕನೇ ದಿನ ಅವರು ಹೊಸದುರ್ಗದ ಕಡೆಯ ತೋಟಕ್ಕೆ ಗಾಡಿ ಸಾಗಿಸಿದರು. ಮಧ್ಯಾಹ್ನ ಭಾವನ ಫೋನ್ ಬಂತು. “ಗಾಡೀಲಿ ಹೊಗೆ ಕಣೋ! ನಿಮ್ಮಕ್ಕ ಒಳಗವ್ಳೆ—” ಅಷ್ಟಕ್ಕೇ ಕಟ್ಟಾಯಿತು.

ಬೈಕು ಹತ್ತಿದೆ. ದಾರಿಯಲ್ಲಿ ಮೂರು ಕಡೆ ನಿಲ್ಲಿಸಿ ಫೋನ್ ಮಾಡಿದೆ, ಇಬ್ಬರೂ ಎತ್ತಲಿಲ್ಲ. ಗಾಡಿಯೊಳಗೆ ಪ್ಲೈವುಡ್, ಸ್ಪಂಜಿನ ಹಾಸಿಗೆ, ಗ್ಯಾಸ್ ಸಿಲಿಂಡರ್. ಸಿಲಿಂಡರ್ ನೆನಪಾದಾಗ ಆಕ್ಸಿಲರೇಟರ್ ಪೂರ್ತಿ ತಿರುವಿದೆ. ದೂರದಲ್ಲಿ ಯಾರೋ ಕಸ ಸುಡುತ್ತಿದ್ದ ಹೊಗೆ ಕಂಡು, ಅದೇ ಎಂದುಕೊಂಡು ಬೈಕಿನ ಮೇಲೆ ಕೂಗಿಬಿಟ್ಟೆ.

ಅಕ್ಕ ತೆಂಗಿನ ಮರದ ಬುಡದಲ್ಲಿ ಕೂತಿದ್ದಳು. ಬಲಗೈಗೆ ಒದ್ದೆ ಬಟ್ಟೆ. ಒಲೆಯ ಲೈಟು ಹಾಕಿದ ಸ್ವಲ್ಪ ಹೊತ್ತಿಗೆ ಗೋಡೆಯೊಳಗಿಂದ ಹೊಗೆ ಬಂದಿದೆ. ಅವಳು ಓಡಿಹೋಗದೆ ಬ್ಯಾಟರಿಗೆ ಹೋಗುವ ಕಾದ ವೈರನ್ನು ಬರಿಗೈಯಲ್ಲಿ ಎಳೆದು ಕಿತ್ತಿದ್ದಾಳೆ. ಅಂಗೈ ತುಂಬ ಬೊಬ್ಬೆ.

“ಇವ್ಳು ಎರಡೆರಡು ಮೊಬೈಲು, ಟಾರ್ಚು, ಎಲ್ಲಾ ಒಟ್ಟಿಗೇ ಚಾರ್ಜಿಗೆ ಹಾಕ್ಯಾಳೆ. ಸುಡ್ದೆ ಇನ್ನೇನು?” ಎಂದು ಭಾವ ಕೂಗಾಡುತ್ತಿದ್ದರು.

“ನಂದೇ ತಪ್ಪು” ಎಂದಳು ಅಕ್ಕ.

ನಾನು ಒಳಗೆ ಹೋದೆ. ಮೊದಲು ಮಾಡಿದ ಕೆಲಸ ಕಪ್ಪಾದ ತಂತಿ ಕಿತ್ತು ಕಿಟಕಿಯಿಂದ ಎಸೆದದ್ದು. ಆಮೇಲೆ ರೆಕ್ಸಿನ್ ಹರಿದು ಪ್ಲೈವುಡ್ ತೆಗೆದೆ. ತಗಡಿನ ತೂತಿನ ಅಂಚಿಗೆ ಉಜ್ಜಿ ಉಜ್ಜಿ ವೈರಿನ ಸಿಪ್ಪೆ ಹೋಗಿತ್ತು. ಹೊಸ ವೈರು ಎಳೆದು, ಅಂಚಿಗೆ ಸೈಕಲ್ ಟ್ಯೂಬಿನ ತುಂಡು ಕಟ್ಟಿ, ಸರಿಯಾದ ಫ್ಯೂಸ್ ಹಾಕಿದೆ. ಅರ್ಧ ಗಂಟೆಯ ಕೆಲಸ. “ನೋಡು, ನಿನ್ನ ತಮ್ಮ ಇದ್ದಿದ್ದಕ್ಕೆ ಆತು” ಎಂದರು ಭಾವ. ಅಕ್ಕ ತಲೆ ತಗ್ಗಿಸಿದಳು. ನಾನು ಸಾಮಾನು ಚೀಲಕ್ಕೆ ತುಂಬಿಕೊಂಡೆ.

ಮೂರು ತಿಂಗಳು ಸುಮ್ಮನಿದ್ದೆ. ಮೊನ್ನೆ ಅವರ ಗಾಡಿ ಚಿತ್ರದುರ್ಗಕ್ಕೆ ಬಂದಿತ್ತು. ಸಂಜೆ ಹೋದಾಗ ಅಕ್ಕ ಮೊಬೈಲನ್ನು ಬಾಯಲ್ಲಿ ಕಚ್ಚಿಕೊಂಡು, ಅದರ ಬೆಳಕಿನಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳು. ಸುಟ್ಟ ಕೈಯ ಬೆರಳು ಪೂರ್ತಿ ಮಡಚಲು ಬರುತ್ತಿರಲಿಲ್ಲ. ನನ್ನನ್ನು ಕಂಡು ಮೊಬೈಲ್ ತೆಗೆದು, ಸ್ವಿಚ್ಚಿನ ಹತ್ತಿರ ಬೆರಳು ಒಯ್ದು, ಮುಟ್ಟದೆ ನಿಲ್ಲಿಸಿದಳು.

“ನೀನಿದ್ದಾಗ ಹಾಕ್ಲೇನೋ ತಮ್ಮ? ನಾ ಮುಟ್ಟಿದ್ರೆ ಏನಾರ ಆಗ್ತೈತೆ.”

ಭಾವ ಮಂಚದ ಮೇಲೆ ಕೂತಿದ್ದರು. ಅವರಿಗೂ ಕೇಳುವಂತೆ ಹೇಳಿದೆ. “ನೀನೇನೂ ಮಾಡಿಲ್ಲಕ್ಕ. ತಾಳ್ಯದಾಗೆ ನಾನೇ ಫ್ಯೂಸ್ ಇಲ್ದೆ ತಂತಿ ಕಟ್ಟಿದ್ದೆ. ಗೊತ್ತಿದ್ದೂ ಹೇಳ್ಲಿಲ್ಲ. ನಿನ್ನ ಕೈ ಸುಟ್ಟಿದ್ದು ನಾನು. ಬೈಸ್ಕಳಾಕೆ ನಿನ್ನ ಬಿಟ್ಟೆ. ತಪ್ಪಾತಕ್ಕ, ನನ್ನ ಕ್ಷಮಿಸು.”