ನಿಂತುಹೋದ ಗೆರೆ

ಸೇಲಂನ ಶೆವ್ವಾಪೇಟೆಯ ಒಂದು ನರ್ಸಿಂಗ್ ಹೋಮಿನಲ್ಲಿ, ರೋಗಿಯ ಎದೆಬಡಿತವನ್ನು ಕಂಪ್ಯೂಟರ್ ತೆರೆಯ ಮೇಲೆ ಗೆರೆಯಾಗಿ ಓಡಿಸುವ ಪ್ರೋಗ್ರಾಮ್ ಬರೆದವಳು ಸುಪ್ರಜಾ. ೧೯೯೭ರಲ್ಲಿ ಅವಳ ಬಳಗದಲ್ಲಿ ಆ ಕೆಲಸ ಬಲ್ಲವರು ಬೇರೆ ಯಾರೂ ಇರಲಿಲ್ಲ. ಹಾಗಾಗಿ ಕೆಟ್ಟರೆ ಕೇಳಲೂ ಯಾರೂ ಇರಲಿಲ್ಲ.

ಕೆಡುತ್ತಲೂ ಇತ್ತು. ಪ್ರೋಗ್ರಾಮಿನೊಳಗೆ ಎರಡು ಥ್ರೆಡ್‌ಗಳು, ಅಂದರೆ ಕೆಲಸದ ಎರಡು ಎಳೆಗಳು, ಜೊತೆಜೊತೆಗೇ ಓಡುತ್ತಿದ್ದವು. ಒಂದು ಬಡಿತವನ್ನು ಓದಿ ಗೆರೆ ಎಳೆಯುವುದು. ಇನ್ನೊಂದು ಆ ಗೆರೆ ಕಾಣುವ ವಿಂಡೋ ತೆರೆದು, ಯಾರು ಯಾವ ಗುಂಡಿ ಒತ್ತಿದರೆಂದು ಗಮನಿಸುವುದು. ನರ್ಸಿಂಗ್ ಹೋಮಿನಲ್ಲಿ ಅಪರೂಪಕ್ಕೊಮ್ಮೆ ಎರಡೂ ಒಂದನ್ನೊಂದು ಕಾಯುತ್ತಾ ಮರಗಟ್ಟಿಬಿಡುತ್ತಿದ್ದವು. ಅವಳ ಮೇಜಿನ ಮೇಲೆ ಮಾತ್ರ ಒಮ್ಮೆಯೂ ಹಾಗಾಗಲಿಲ್ಲ. ಗೆರೆ ಎಳೆಯಲು ಅವಳು ಬಳಸಿದ್ದ ಗ್ರಾಫಿಕ್ಸ್ ಲೈಬ್ರರಿಯ ಕೈಪಿಡಿಯಲ್ಲಿ ಅದರ ಸುದ್ದಿಯೇ ಇರಲಿಲ್ಲ.

ಅಷ್ಟರಲ್ಲಿ ಅವಳ ಅಪ್ಪ ಸೇತುಮಾಧವರಾಯರಿಗೆ ಎದೆನೋವು ಬಂತು. ಮಲಗಿಸಿದ್ದು ಅದೇ ನರ್ಸಿಂಗ್ ಹೋಮಿನಲ್ಲಿ, ಅದೇ ತೆರೆಯ ಪಕ್ಕದಲ್ಲಿ.

ಸಂಜೆ ನರ್ಸ್ ಚೆಲ್ಲಮ್ಮ ಅಲಾರಂ ಸರಿಪಡಿಸಲು ಗುಂಡಿ ಒತ್ತಿದಳು. ಗೆರೆ ಗಕ್ಕನೆ ನಿಂತಿತು.

"ಐಯೋ, ಡಾಕ್ಟರ್! ಲೈನ್ ನಿನ್ನುಪೋಚ್ಚು!" ಗೆರೆ ನಿಂತೇಹೋಯಿತೆಂದು ಚೆಲ್ಲಮ್ಮ ತಮಿಳಿನಲ್ಲಿ ಕೂಗಿದಳು.

ಅಮ್ಮ ಶಾಂತಾಬಾಯಿ ಚೀರುತ್ತಾ ಕುಸಿದರು. ನಿಂತದ್ದು ಅಪ್ಪನ ಎದೆಯಲ್ಲ, ತನ್ನ ವಿಂಡೋ ಎಂದು ಸುಪ್ರಜಾಳಿಗೆ ಗೊತ್ತಿತ್ತು. ಆದರೂ ಗೊತ್ತಿದ್ದದ್ದನ್ನು ನಂಬಲಾಗಲಿಲ್ಲ. ಕೀಲಿಗಳನ್ನು ಒತ್ತಿದಳು, ಮೌಸ್ ಆಡಿಸಿದಳು. ಕೊನೆಗೆ ಅಪ್ಪನ ಮಣಿಕಟ್ಟು ಹಿಡಿದಳು. ನಾಡಿ ಬಡಿಯುತ್ತಿತ್ತು.

"ಏನಾತೇ? ಚೆನ್ನಾಗೇ ಇದ್ದೀನಲ್ಲೇ," ಎಂದರು ಅಪ್ಪ, ಹೆದರಿದ ದನಿಯಲ್ಲಿ.

ಓಡಿ ಬಂದ ಡಾಕ್ಟರ್ ಲಕ್ಷ್ಮಣನ್ ಕಂಪ್ಯೂಟರಿನ ಪ್ಲಗ್ ಕಿತ್ತು, ಮೊದಲು ಬಡಿತ ತೋರಿಸುತ್ತಿದ್ದ ಹಳೆಯ ಯಂತ್ರವನ್ನೇ ಎಳೆಸಿ ಹಾಕಿಸಿದರು.

ಆಮೇಲೆ ಸುಪ್ರಜಾ ಇಡೀ ಕೋಡನ್ನು ಬಿಚ್ಚಿ ಕೂತಳು. ಕೊನೆಗೆ ತಪ್ಪು ಹೊಳೆಯಿತು: ವಿಂಡೋ ತೆರೆದ ಥ್ರೆಡ್ಡೇ ಅದರಲ್ಲಿ ಗೆರೆ ಎಳೆಯಬೇಕು. ಬಡಿತ ಓದುವ ಥ್ರೆಡ್ ಅದಕ್ಕೊಂದು ಸಂದೇಶ ಹಾಕಿ, ಕಾಯದೆ ಮುಂದೆ ಹೋಗಬೇಕು. ಹಾಗೆ ತಿದ್ದಿದಳು. ವಾರಗಟ್ಟಲೆ ಓಡಿಸಿದಳು, ನಿಲ್ಲಲಿಲ್ಲ. ಆದರೆ ಹಳೆಯದೂ ಅವಳ ಮೇಜಿನ ಮೇಲೆ ನಿಂತಿರಲಿಲ್ಲವಲ್ಲ.

ಕಂಪ್ಯೂಟರನ್ನು ಮತ್ತೆ ನರ್ಸಿಂಗ್ ಹೋಮಿಗೆ ಒಯ್ದಳು. ಡಾಕ್ಟರ್ ಕಾರಿಮಂಗಲದ ಕಡೆಯವರು, ಮನೆಮಾತು ಕನ್ನಡ. ಅವಳು ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿದರು.

"ಇನ್ನು ನಿಲ್ಲಾಕಿಲ್ಲ ಅಂತ ಗ್ಯಾರಂಟಿ ಕೊಡ್ತೀಯಾಮ್ಮಾ?"

ಅವಳು ಕಂಪ್ಯೂಟರಿನ ತಂತಿ ಸುತ್ತತೊಡಗಿದಳು.

"ಒಂದೊಂದ್ಸಲ ಬ್ರೇಕ್ ಇಡಿಯಾಕಿಲ್ಲ ಅಂದ್ರೆ, ಆ ಲಾರೀಲಿ ತೊಪ್ಪೂರು ಘಾಟ್ ಇಳೀತೀಯಾ?"

ಕಂಪ್ಯೂಟರನ್ನು ಆಟೋದಲ್ಲಿ ಹಾಕಿಕೊಂಡು ಅವಳು ವಾಪಸು ಬಂದಳು. ಚೇತರಿಸಿಕೊಂಡು ಮನೆಯಲ್ಲಿದ್ದ ಅಪ್ಪ ಬಾಗಿಲಲ್ಲೇ ಕೇಳಿದರು: "ಸರಿಯಾಗಿದೆ ಅಂತ ಹೇಳಬಾರದಿತ್ತೇನೇ?"

"ಸರಿಯಾಗಿದೆ ಅನ್ಸತ್ತೆ ಅಪ್ಪಾ," ಎಂದಳು ಸುಪ್ರಜಾ. "ಅನ್ಸತ್ತೆ, ಅಷ್ಟೇ."